ವಿಜಯಪುರದಲ್ಲಿ ಹಳೇ ಕತ್ತಿ ತೋರಿಸುವುದಿದ್ದರೆ ಈ ಅಂಗಡಿಗೆ ಹೋಗಿ

ನಮ್ಮ ಕಡೆ ಹಳೇ ವಾಡೆಗಳಲ್ಲಿ, ಗೌಡರ ಮನೆಗಳಲ್ಲಿ, ಎಷ್ಟೋ ದೇವರ ಜಗಲಿಗಳ ಮೇಲೆ ಒಂದು ಕತ್ತಿ ಇದ್ದೇ ಇರುತ್ತದೆ. ಖಂಡೇನವಮಿಗೆ ಹೊರಗೆ ಬರುತ್ತದೆ, ಪೂಜೆ ಆಗುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಯಾವ ಕಾಲದ್ದು ಅಂತ ಕೇಳಿದರೆ ವಿಜಯಪುರದ ಸುತ್ತಮುತ್ತ ಉತ್ತರ ಒಂದೇ: ಆದಿಲಶಾಹಿ ಕಾಲದ್ದು. ಬೆಳಗಾವಿ ಕಡೆ ಹೋದರೆ ಕಿತ್ತೂರ ಚೆನ್ನಮ್ಮನ ಕಾಲದ್ದು. ಹಿರಿಯರು ಹೇಳಿದ್ದು ಸುಳ್ಳು ಅಂತಲ್ಲ, ಆದರೆ ಕತ್ತಿಯನ್ನೇ ಹಿಡಿದು ನೋಡಿ ಅದು ಏನು ಹೇಳುತ್ತದೆ ಅಂತ ತಿಳಿಸುವವರು ನಮ್ಮಲ್ಲಿ ಬಹಳ ಕಡಿಮೆ. ಅಂಥ ಒಬ್ಬರು ವಿಜಯಪುರದಲ್ಲೇ ಇದ್ದಾರೆ. ಅವರ ಕೆಲಸ ನನಗೆ ತುಂಬಾ ಹಿಡಿಸಿತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಳೇ ಪೇಟೆಯ ಒಂದು ಕಿರಿದಾದ ಓಣಿಯಲ್ಲಿ ಅಂಗಡಿ. ತಾಮ್ರ, ಹಿತ್ತಾಳೆ ಸಾಮಾನು ರಿಪೇರಿ ಅವರ ಮೂಲ ಕಸುಬು. ಬೋರ್ಡಿಲ್ಲ. ಹೆಸರು ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ, ಯಾಕಂದ್ರೆ ಹೆಸರು ಹೊರಗೆ ಬಂದರೆ ಕತ್ತಿ ಮಾರುವವರು, ಕೊಳ್ಳುವವರು ಬಂದು ಕೂರುತ್ತಾರೆ, ಅಂಗಡಿಯವರು ಆ ವ್ಯಾಪಾರ ಮಾಡುವುದೇ ಇಲ್ಲ. ಹಳೇ ನಾಣ್ಯ, ಹಳೇ ಪಾತ್ರೆ ಇಟ್ಟುಕೊಂಡಿರುವ ಯಾರನ್ನಾದರೂ ಕೇಳಿ, ದಾರಿ ತೋರಿಸುತ್ತಾರೆ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ. ಒಂದು ಕತ್ತಿ ನೋಡಿ, ಫೋಟೊ ತೆಗೆದು, ಒಂದು ಹಾಳೆಯಲ್ಲಿ ವಿವರ ಬರೆದುಕೊಡೋಕೆ 500 ರೂಪಾಯಿ. ವಿವರ ಬರೆಯುವುದು ಅವರ ಅಳಿಯ.

ನಾನು ಮೂರು ಕತ್ತಿ ತೋರಿಸಿದೆ. ನಮ್ಮ ಮನೆಯದೊಂದು, ಜಮಖಂಡಿ ಕಡೆಯ ನಮ್ಮ ಸೋದರಮಾವನ ಮನೆಯದೊಂದು, ಮತ್ತೆ ಗೆಳೆಯನೊಬ್ಬ ಆನ್‌ಲೈನಿನಲ್ಲಿ ದುಡ್ಡು ಸುರಿದು ತರಿಸಿಕೊಂಡಿದ್ದೊಂದು.

ಚಾಚಾ ಹೇಳಿದ ಮೊದಲ ಮಾತಿನಲ್ಲೇ ಅವರ ಇಡೀ ವಿದ್ಯೆ ಇದೆ ಅನ್ನಿಸಿತು. "ಕತ್ತಿ ಅಂದ್ರ ಒಂದ್ ಸಾಮಾನಲ್ಲ ತಮ್ಮಾ, ನಾಕು. ಅಲಗು, ಹಿಡಿ, ಒರಿ, ಬರಹ. ನಾಕಕ್ಕೂ ಬ್ಯಾರೆ ಬ್ಯಾರೆ ವಯಸ್ಸು." ಇದು ಬರೀ ಮಾತಲ್ಲ. ನಮ್ಮ ದೇಶದ ತಲ್ವಾರಿನಲ್ಲಿ ಅಲಗಿನ ಬುಡದ ತುಂಡು ಹಿಡಿಯೊಳಗೆ ಪೂರ್ತಿ ಹಾಯ್ದು ಆಚೆ ಬರುವುದಿಲ್ಲ. ಹಿಡಿ ಒಳಗೆ ಪೊಳ್ಳು, ಅದರಲ್ಲಿ ಅರಗು ತುಂಬಿ, ಬಿಸಿಯಲ್ಲಿ ಅಲಗನ್ನು ಕೂರಿಸುತ್ತಾರೆ. ಅರಗು ಆರಿದರೆ ಗಟ್ಟಿ. ಬಿಸಿ ಮಾಡಿದರೆ ಮತ್ತೆ ಸಡಿಲ. ಹಾಗಾಗಿ ಅಜ್ಜನ ಅಲಗಿಗೆ ಮೊಮ್ಮಗ ಹೊಸ ಹಿಡಿ ಹಾಕಿಸುವುದು ಆ ಕಾಲದಲ್ಲಿ ದಿನನಿತ್ಯದ ಕೆಲಸ. ಒಳ್ಳೇ ಅಲಗನ್ನು ಯಾರೂ ಬಿಸಾಡುತ್ತಿರಲಿಲ್ಲ. ಒರೆಯಂತೂ ಮರ, ಚರ್ಮ, ಬಟ್ಟೆ, ಅದು ಇನ್ನೂ ಬೇಗ ಹೋಗುತ್ತದೆ. ಹೀಗಿರುವಾಗ ಇಡೀ ಕತ್ತಿಗೆ ಒಂದೇ ಇಸವಿ ಹೇಳುವವರನ್ನು ನಂಬುವುದು ಹೇಗೆ?

ಬರಹದ ವಿಷಯಕ್ಕೆ ಅವರು ಕೊಟ್ಟ ಉದಾಹರಣೆ ನಮ್ಮ ಊರಿನದೇ. ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಲ್ಲ, ಶೇರ್ಜಾ ಬುರುಜಿನ ಮೇಲೆ ಇರುವುದು. ಅದನ್ನು ಎರಕ ಹೊಯ್ದದ್ದು 1549ರಲ್ಲಿ, ಅಹ್ಮದ್‌ನಗರದಲ್ಲಿ, ಮಹಮ್ಮದ್ ಬಿನ್ ಹಸನ್ ರೂಮಿ ಎಂಬಾತ. ಮುಸ್ಲಿಂ ಪಂಚಾಂಗದ ಹಿಜರಿ 956ರ ಆ ಬರಹ ಅದರ ಮೇಲಿದೆ. ಅದೇ ತೋಪಿನ ಮೇಲೆ ಔರಂಗಜೇಬ ವಿಜಾಪುರ ಗೆದ್ದದ್ದರ ಬರಹವೂ ಇದೆ, ಅದು ಹಿಜರಿ 1097, ಅಂದರೆ 1685-86. ಎರಡೂ ನಿಜ. ಎರಡರ ನಡುವೆ 130 ವರ್ಷಕ್ಕಿಂತ ಹೆಚ್ಚು ಅಂತರ. ಎರಡನೆಯದನ್ನು ಮಾತ್ರ ಓದಿದವನು ತೋಪು ಔರಂಗಜೇಬನ ಕಾಲದ್ದು ಅಂದುಬಿಡುತ್ತಾನೆ. ಕತ್ತಿಯ ಮೇಲಿನ ಬರಹವೂ ಹಾಗೇ. ಮಾಡಿದವನು ಬರೆದದ್ದಿರಬಹುದು, ಗೆದ್ದವನು ಬರೆಸಿದ್ದಿರಬಹುದು, ಮಾರುವವನು ಕೊರೆಸಿದ್ದೂ ಇರಬಹುದು.

ಹಿಜರಿ ಇಸವಿ ಲೆಕ್ಕ ಹಾಕುವುದನ್ನೂ ಅವರ ಅಳಿಯ ಹಾಳೆಯ ಹಿಂದೆ ಬರೆದುಕೊಟ್ಟ. ಚಂದ್ರಮಾನದ ವರ್ಷ ಸುಮಾರು 354 ದಿನ, ಆದ್ದರಿಂದ ಸುಮ್ನೆ 622 ಕೂಡಿಸಿದರೆ ತಪ್ಪಾಗುತ್ತದೆ. ಹಿಜರಿ ವರ್ಷವನ್ನು 33ರಿಂದ ಭಾಗಿಸಿ, ಬಂದದ್ದನ್ನು ಅದರಲ್ಲೇ ಕಳೆದು, ಆಮೇಲೆ 622 ಕೂಡಿಸಬೇಕು. 1097ಕ್ಕೆ ಮಾಡಿ ನೋಡಿ, 1686ಕ್ಕೆ ಬಂದು ನಿಲ್ಲುತ್ತದೆ. ಮರಾಠಿ ಮನೆತನದ ಕತ್ತಿಗಳಲ್ಲಿ ಶಕ ವರ್ಷ ಇದ್ದರೆ 78 ಕೂಡಿಸಿ. ರಾಜಸ್ಥಾನದ ಕಡೆಯದು ವಿಕ್ರಮ ಸಂವತ್ ಆಗಿದ್ದರೆ 57 ಕಳೆಯಿರಿ. ಒಂದೆರಡು ವರ್ಷ ಹೆಚ್ಚುಕಮ್ಮಿ ಆಗಬಹುದು, ಪರವಾಗಿಲ್ಲ.

ಈಗ ನಮ್ಮ ಮನೆಯ ಕತ್ತಿಗೆ ಬರೋಣ. ಬಾಗಿದ ಅಲಗು, ಹಿಡಿಯ ತುದಿಯಲ್ಲಿ ದುಂಡನೆ ತಟ್ಟೆ, ಇದು ತಲ್ವಾರ್ ಅಂತ ಯಾರಾದರೂ ಹೇಳುತ್ತಾರೆ. ಚಾಚಾ ಮೊದಲು ನೋಡಿದ್ದು ಅಲಗಿನ ಬುಡ. ಹಿಡಿಯಿಂದ ಎರಡು ಬೆರಳಿನಷ್ಟು ಜಾಗ ಹರಿತವೇ ಇಲ್ಲ, ದಪ್ಪಗೆ ಬಿಟ್ಟಿದ್ದಾರೆ. ಬೆರಳು ಅಡ್ಡಪಟ್ಟಿಯ ಮುಂದೆ ಹೋದರೂ ಕುಯ್ಯಬಾರದು ಅಂತ. ಹೀಗೆ ಬುಡ ಮೊಂಡಾಗಿ ಬಿಡುವುದು ಭಾರತದ ಅಲಗಿನ ಗುರುತು. ಇರಾನಿನ ಶಂಶೇರಿನಲ್ಲಿ ಹರಿತ ಹಿಡಿಯ ತನಕ ಬರುತ್ತದೆ, ಅಲಗು ಇನ್ನೂ ತೆಳ್ಳಗೆ, ಬಾಗು ಇನ್ನೂ ಜಾಸ್ತಿ, ಹಿಡಿಯ ತಲೆ ಒಂದು ಪಕ್ಕಕ್ಕೆ ಮುರಿದು ಬಾಗಿರುತ್ತದೆ. ತುರ್ಕಿಯ ಕಿಲಿಜ್ ಆದರೆ ತುದಿಯ ಹತ್ತಿರ ಅಲಗು ಇದ್ದಕ್ಕಿದ್ದಂತೆ ಅಗಲವಾಗಿ, ಬೆನ್ನಿನ ಕಡೆಗೂ ಹರಿತ ಇರುತ್ತದೆ. ಆದರೆ ಇರಾನಿನ ಅಲಗಿಗೆ ನಮ್ಮ ತಲ್ವಾರಿನ ಹಿಡಿ ಕೂರಿಸಿದ್ದು ಬೇಕಾದಷ್ಟು ಇವೆ. ಅದಕ್ಕೇ ಹಿಡಿ ನೋಡಿ ಹೆಸರು ಹೇಳಿದರೆ ಸಾಲದು, ಬುಡ ನೋಡಬೇಕು, ತುದಿ ನೋಡಬೇಕು.

ಹಿಡಿಯ ಮೇಲೆ ಅಲ್ಲಲ್ಲಿ ಚಿನ್ನದ ಹೂಬಳ್ಳಿ ಉಳಿದಿತ್ತು. ಚಾಚಾ ಭೂತಗನ್ನಡಿ ಕೈಗೆ ಕೊಟ್ಟು, ಚಿನ್ನ ಸವೆದ ಜಾಗದಲ್ಲಿ ನೋಡು ಅಂದರು. ಕಬ್ಬಿಣದ ಮೇಲೆ ಕೂದಲಿಗಿಂತ ಸಣ್ಣ ಗೀರುಗಳು, ಅಡ್ಡಡ್ಡ, ಉದ್ದುದ್ದ, ಒತ್ತೊತ್ತಾಗಿ. ಇದೇ ಕೋಫ್ತಗಿರಿ. ಮೊದಲು ಕಬ್ಬಿಣವನ್ನು ಹೀಗೆ ಒರಟು ಮಾಡಿ, ಚಿನ್ನದ ತಂತಿಯನ್ನು ಅದರ ಮೇಲಿಟ್ಟು ಬಡಿದರೆ ಗೀರಿನೊಳಗೆ ಕಚ್ಚಿಕೊಳ್ಳುತ್ತದೆ. ತೋಡು ಕೊರೆದು ತಂತಿ ಕೂರಿಸಿದ ಕೆಲಸ ಬೇರೆ, ಅದು ಇದಕ್ಕಿಂತ ಕಷ್ಟ, ಬೆಲೆಯೂ ಜಾಸ್ತಿ. ಬರೀ ಚಿನ್ನದ ಬಣ್ಣ ಹಚ್ಚಿದ್ದೋ ನೀರು ಹಾಯಿಸಿದ್ದೋ ಆದರೆ ಸವೆದ ಕಡೆ ಕಬ್ಬಿಣ ನುಣ್ಣಗೆ ಇರುತ್ತದೆ. ನಾನು ಚಿಕ್ಕಂದಿನಿಂದ ನೋಡಿದ ಕತ್ತಿ ಅದು, ಆ ಗೀರುಗಳು ಕಂಡಾಗ ಎದೆ ತುಂಬಿ ಬಂತು. ಯಾರೋ ಒಬ್ಬ ಕಸುಬುದಾರ ಕೂತು ಅಷ್ಟನ್ನೂ ಎಳೆದಿದ್ದಾನೆ ಅಲ್ವಾ.

ಆಮೇಲೆ ಅಲಗಿನ ಉಕ್ಕು. ಇದಕ್ಕೆ ಮುಂಚೆ ಅವರು ಮನೆಯವರ ಒಪ್ಪಿಗೆ ಕೇಳುತ್ತಾರೆ, ಅದು ನನಗೆ ಇಷ್ಟವಾಯಿತು. ಬುಡದ ಹತ್ತಿರ ಹೆಬ್ಬೆರಳ ಉಗುರಿನಷ್ಟು ಜಾಗವನ್ನು ನಿಧಾನಕ್ಕೆ ಹೊಳಪು ಮಾಡಿ, ಎಣ್ಣೆ ಜಿಡ್ಡು ಪೂರ್ತಿ ತೆಗೆದು, ತೀರಾ ತೆಳು ಮಾಡಿದ ಫೆರಿಕ್ ಕ್ಲೋರೈಡ್ ಎಂಬ ಆಸಿಡ್ ಥರದ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಹಚ್ಚಿದರು. ಸ್ವಲ್ಪ ಹೊತ್ತಿಗೆ ಆ ಜಾಗ ಕಪ್ಪಾಯಿತು. ಆ ಕಪ್ಪಿನೊಳಗಿಂದ ಬೆಳ್ಳಗಿನ ಸಣ್ಣ ಸುರುಳಿ ಗೆರೆಗಳು ಎದ್ದು ಬಂದವು, ಹರಿಯೋ ನೀರಿನ ಮೇಲಿನ ಅಲೆಯ ಹಾಗೆ. ಕೂಡಲೇ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಒರೆಸಿ, ಒಣಗಿಸಿ, ಎಣ್ಣೆ ಹಚ್ಚಿದರು. ಆ ಅಲೆಯಂಥ ಗೆರೆಗಳಿಗೆ ಜೌಹರ್ ಅನ್ನುತ್ತಾರೆ.

ಮೂಸೆಯಲ್ಲಿ ಕರಗಿಸಿ ನಿಧಾನಕ್ಕೆ ಆರಿಸಿದ ಉಕ್ಕು ಇದು. ಇಂಗಾಲ ಸುಮಾರು ಶೇಕಡಾ 1.5ರಷ್ಟು ಇರುತ್ತದೆ, ಮಾಮೂಲಿ ಕಬ್ಬಿಣಕ್ಕಿಂತ ಬಹಳ ಹೆಚ್ಚು. ಕಡಿಮೆ ಬಿಸಿಯಲ್ಲಿ ಮತ್ತೆ ಮತ್ತೆ ಬಡಿದಾಗ ಕಬ್ಬಿಣ, ಇಂಗಾಲ ಕೂಡಿ ಆದ ಕಾರ್ಬೈಡಿನ ಕಣಗಳು ಸಾಲುಗಟ್ಟುತ್ತವೆ, ನಮಗೆ ಕಾಣುವ ಬೆಳ್ಳಗಿನ ಗೆರೆ ಅವೇ. ಅದಿರಿನಲ್ಲಿ ವೆನೇಡಿಯಂನಂಥ ಧಾತುಗಳು ಚೂರೇ ಚೂರು ಇದ್ದರೂ ಈ ಸಾಲು ಚೆನ್ನಾಗಿ ಮೂಡುತ್ತದೆ ಅಂತ 1990ರ ದಶಕದಲ್ಲಿ ಅಮೆರಿಕದಲ್ಲಿ ಒಬ್ಬ ಲೋಹ ವಿಜ್ಞಾನಿ ಮತ್ತು ಒಬ್ಬ ಕಮ್ಮಾರ ಸೇರಿ ಮಾಡಿ ತೋರಿಸಿದರು. ನಮ್ಮ ದಖ್ಖನಿನ ಈ ಉಕ್ಕು ಇರಾನಿನ ತನಕ ಹೋಗುತ್ತಿತ್ತು. ತೆಲಂಗಾಣದ ನಿಜಾಮಾಬಾದ್ ಕಡೆಯ ಕೋನಸಮುದ್ರಂ ಅದಕ್ಕೆ ಹೆಸರುವಾಸಿ. ಇರಾನಿನ ಕಸುಬುದಾರರು ನಮ್ಮ ಉಕ್ಕಿನ ಗಟ್ಟಿಯಿಂದ ಅಲಗು ಬಡಿದು, ಆ ಅಲಗು ಮತ್ತೆ ನಮ್ಮ ದರಬಾರುಗಳಿಗೆ ಬಂದದ್ದೂ ಉಂಟು. ಹೀಗಿರುವಾಗ ಬರೀ ಉಕ್ಕು ನೋಡಿ ಯಾವ ದೇಶದ ಅಲಗು ಅಂತ ಹೇಳುವುದು ಹೇಗೆ ಸಾಧ್ಯ?

ನಮ್ಮದರ ಹಾಳೆಯಲ್ಲಿ ಅವರು ಬರೆದದ್ದು: ಅಲಗು ಜೌಹರ್ ಉಕ್ಕಿನದು, ಭಾರತದ ಕೆಲಸ, ಹೆಚ್ಚಾಗಿ 18ನೇ ಶತಮಾನ. ಹಿಡಿ 19ನೇ ಶತಮಾನ. ಕಾರಣ ಕೂಡ ಬರೆದಿದ್ದರು. ಅಡ್ಡಪಟ್ಟಿಯಿಂದ ಅಲಗಿನ ಮೇಲೆ ಇಳಿಯುವ ಎರಡು ನಾಲಿಗೆಗಳು ಈ ಅಲಗಿನ ದಪ್ಪಕ್ಕೆ ಸರಿಯಾಗಿ ಕೂರುವುದಿಲ್ಲ, ಸಂದು ಇದೆ, ಸಂದಿನಲ್ಲಿ ಅರಗು ತುಂಬಿದ್ದಾರೆ. ಒರೆ ಅದಕ್ಕಿಂತ ಈಚಿನದು. ಆದಿಲಶಾಹಿ ಅಂತ ಹೇಳುವ ಯಾವ ಗುರುತೂ ಇಲ್ಲ. ಹಿಡಿಯ ತಟ್ಟೆಯ ಒಳಮೈಯಲ್ಲಿ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ನಾಗರಿ ಅಂಕಿಗಳಿದ್ದವು, ನಾವು ಯಾರೂ ಅದನ್ನು ಗಮನಿಸಿಯೇ ಇರಲಿಲ್ಲ. ಅದು ಯಾವುದೋ ಸಂಸ್ಥಾನದ ಆಯುಧ ಕೋಠಿಯ ಲೆಕ್ಕದ ಗುರುತು ಇರಬಹುದಂತೆ. ರಾಜಸ್ಥಾನದ ಬಿಕಾನೇರಿನ ಕೋಠಿಯ ಆಯುಧಗಳ ಮೇಲೆ ಇಂಥ ಚುಕ್ಕಿ ಬರಹಗಳು ಪ್ರಸಿದ್ಧ. ಮೊಗಲರ ಪರವಾಗಿ ದಖ್ಖನಿನಲ್ಲಿ ಕಾದಾಡಿದ ಅಲ್ಲಿಯ ರಾಜ ಅನೂಪ್ ಸಿಂಗ್ ಆದಿಲಶಾಹಿಯವರ ಆದೋನಿ ಕೋಟೆಯಿಂದ ಒಯ್ದ ಆಯುಧಗಳ ಮೇಲೂ ಹಾಗೆ ಬರೆಸಿದ್ದಾರೆ. ನಮ್ಮ ಆದಿಲಶಾಹಿ ಕಡೆಯ ಆಯುಧ ನೋಡಬೇಕಾದರೆ ಬಿಕಾನೇರಿಗೆ ಹೋಗಬೇಕಾದ ಪರಿಸ್ಥಿತಿ ನೋಡಿ, ಹೊಟ್ಟೆ ಉರಿಯುತ್ತದೆ.

ಮಾಮಾನ ಮನೆಯ ಕತ್ತಿ ನೇರ ಅಲಗಿನದು. ಉದ್ದಕ್ಕೂ ಮೂರು ತೋಡು. ಬುಡದಲ್ಲಿ ಎರಡೂ ಕಡೆ ಉಕ್ಕಿನ ಪಟ್ಟಿ ಇಟ್ಟು ರಿವೆಟ್ ಹೊಡೆದಿದ್ದಾರೆ. ಕೈ ಮುಚ್ಚುವ ಅಗಲವಾದ ಬುಟ್ಟಿ ಹಿಡಿ, ಹಿಡಿಯ ತಲೆಯ ಮೇಲೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದದ ಕಂಬಿ. ಎರಡೂ ಕೈಯಲ್ಲಿ ಬೀಸಬೇಕಾದಾಗ ಇನ್ನೊಂದು ಕೈ ಆ ಕಂಬಿಗೆ. ಇದನ್ನು ಫಿರಂಗಿ ಅನ್ನುತ್ತಾರೆ, ಅಲಗು ಯುರೋಪಿನದು ಅಥವಾ ಅದನ್ನು ನೋಡಿ ಇಲ್ಲಿ ಮಾಡಿದ್ದು. ಪೋರ್ತುಗೀಸರು ಗೋವಾದಲ್ಲಿ ಕೂತ ಮೇಲೆ ಇಂಥ ಅಲಗುಗಳು ನಮ್ಮ ಕಡೆ ಬಹಳ ಬಂದವು, ಮರಾಠರಿಗೆ ಅಚ್ಚುಮೆಚ್ಚು. ಅದೇ ಥರದ ನೇರ ಅಲಗಿಗೆ ಮೊಣಕೈ ತನಕ ಬರುವ ಉಕ್ಕಿನ ಕೈಗವಸು ಸೇರಿದರೆ ದಾಂಡಪಟ್ಟಾ. ನಮ್ಮ ಖಂಡಾ ಬೇರೆ, ಅದರ ಅಲಗು ತುದಿಯ ಕಡೆ ಹೋದಂತೆ ಅಗಲವಾಗುತ್ತದೆ.

ಅಲಗಿನ ಮೇಲೆ ಹಲ್ಲು ಹಲ್ಲಾದ ಎರಡು ಅರ್ಧಚಂದ್ರದ ಗುರುತಿತ್ತು. ಇಟಲಿಯ ಜಿನೋವಾದ ಗುರುತು ಅಂತ ಹೇಳಿ ಮುಗಿಸಬಹುದಿತ್ತು. ಚಾಚಾ ಹಾಗೆ ಮಾಡಲಿಲ್ಲ. ಆ ಗುರುತಿಗೆ ಎಷ್ಟು ಮರ್ಯಾದೆ ಇತ್ತೆಂದರೆ ಬೇರೆ ದೇಶಗಳಲ್ಲಿ, ಕಾಕಸಸ್ ಬೆಟ್ಟಗಳಲ್ಲಿ, ನಮ್ಮಲ್ಲೂ ಅದನ್ನೇ ನಕಲು ಹೊಡೆಯುತ್ತಿದ್ದರು. ಜರ್ಮನಿಯ ಪಸ್ಸಾವ್, ಜೋಲಿಂಗೆನ್ ಊರುಗಳ ಓಡುವ ತೋಳದ ಗುರುತಿಗೂ ಅದೇ ಗತಿ. ಆದ್ದರಿಂದ ಹಾಳೆಯಲ್ಲಿ "ಗುರುತು ಒಂದರಿಂದಲೇ ಯುರೋಪಿನದು ಅಂತ ಹೇಳಲಾಗದು" ಅಂತಲೇ ಬರೆದರು. ಅಲಗಿಗೆ 17 ಅಥವಾ 18ನೇ ಶತಮಾನ, ಹಿಡಿಗೆ 18ನೇ ಶತಮಾನ ಅಂತ ಕೊಟ್ಟರು.

ಮಾಮಾ ಸುಮ್ಮನಿರಲಿಲ್ಲ. "ಇದು ಕಿತ್ತೂರ ಯುದ್ಧದಾಗ ಇತ್ತಂತ ನಮ್ಮಪ್ಪ ಹೇಳತಿದ್ದ ಚಾಚಾ" ಅಂದರು. ಚಾಚಾ ಕೊಟ್ಟ ಉತ್ತರ ಎಲ್ಲರೂ ಕೇಳಬೇಕಾದ್ದು. "ಇದ್ದಿರಬಹುದ್ರಿ ಸಾವ್ಕಾರ. ಇರಲಿಲ್ಲ ಅನ್ನಾಕ ನನ್ನ ಹತ್ರ ಏನೂ ಇಲ್ಲ. ಆದ್ರ 1824ರಾಗ ಇದು ಹಳೇ ಕತ್ತೀನ ಆಗಿತ್ತು." ಮಾಡಿದ ಕಾಲ ಬೇರೆ, ಬಳಸಿದ ಕಾಲ ಬೇರೆ. ಮಾಮಾನಿಗೆ ಅಲ್ಲಿಗೆ ಸಮಾಧಾನ ಆಯಿತು, ಮನೆತನದ ಮಾತಿಗೂ ಧಕ್ಕೆ ಬರಲಿಲ್ಲ.

ಮೂರನೆಯದು ನನ್ನ ಗೆಳೆಯನದು. ಬೇರೆ ರಾಜ್ಯದ ಒಬ್ಬ ವ್ಯಾಪಾರಿ ಮಾರಿದ್ದು. ಜೊತೆಗೆ ಹೊಳೆಯುವ ಸೀಲು ಹಾಕಿದ ಸರ್ಟಿಫಿಕೇಟು: ಹದಿನಾರನೇ ಶತಮಾನದ ಆದಿಲಶಾಹಿ ಶಂಶೇರ್. ಅಲಗಿನ ಮೇಲೆ ಅಸದುಲ್ಲಾ ಇಸ್ಫಹಾನಿಯ ಹೆಸರು. ಈ ಹೆಸರಿನ ಬಗ್ಗೆ ಹಳೇ ಕತ್ತಿ ಕೊಳ್ಳುವ ಪ್ರತಿಯೊಬ್ಬರೂ ತಿಳಿದಿರಬೇಕು. ಇರಾನಿನ ಷಾ ಅಬ್ಬಾಸ್ 1588ರಿಂದ 1629ರ ತನಕ ಆಳಿದ, ಅವನ ಕಾಲದ ದೊಡ್ಡ ಕಸುಬುದಾರ ಅಂತ ಅಸದುಲ್ಲಾನನ್ನು ಹೇಳುತ್ತಾರೆ. ಆದರೆ ಆ ಹೆಸರು ಹೊತ್ತ ಅಲಗುಗಳ ಮೇಲಿನ ಇಸವಿಗಳನ್ನು ಜೋಡಿಸಿ ನೋಡಿದರೆ ಒಬ್ಬ ಮನುಷ್ಯನ ಆಯುಷ್ಯಕ್ಕೆ ಅವು ಹೊಂದುವುದೇ ಇಲ್ಲ. ಆ ಹೆಸರು ಒಳ್ಳೇ ಅಲಗಿನ ಮುದ್ರೆಯಂತೆ ತಲೆಮಾರುಗಟ್ಟಲೆ ಬಳಕೆಯಾಯಿತು, ನಕಲಿಗೂ ಬಳಕೆಯಾಯಿತು. ಸಹಿ ನೋಡಿ ಹಣ ಕೊಡಬೇಡಿ. 

ಕತ್ತಿ ನೋಡಿದರೆ ಸಿಂಹದ ತಲೆಯ ಹಿತ್ತಾಳೆ ಹಿಡಿ. ಅಚ್ಚಿನ ಎರಡು ಭಾಗ ಕೂಡಿದ ಗೆರೆ ಸಿಂಹದ ಗದ್ದದ ಕೆಳಗೆ ಹಾಗೇ ಇದೆ, ಅರವನ್ನೂ ಹಾಕಿಲ್ಲ. ಅಲಗಿನ ಎರಡೂ ಮುಖದ ಮೇಲೆ ಜೌಹರಿನಂಥ ಅಲೆ ಇತ್ತು, ಆದರೆ ಎರಡೂ ಕಡೆ ಒಂದೇ ಥರ, ಅಳತೆ ಇಟ್ಟಂತೆ. ಚಾಚಾ ಒಂದು ಚೂರು ಜಾಗ ಉಜ್ಜಿದರು, ಅಲೆ ಅಳಿಸಿಹೋಯಿತು. ಮತ್ತೆ ಆಸಿಡ್ ಹಚ್ಚಿದರೆ ಏನೂ ಮೂಡಲಿಲ್ಲ. ನಿಜವಾದ ಜೌಹರ್ ಉಕ್ಕಿನ ಮೈಯೊಳಗೇ ಇರುತ್ತದೆ, ಎಷ್ಟು ಉಜ್ಜಿದರೂ ಆಸಿಡ್ ಹಚ್ಚಿದಾಗ ಮತ್ತೆ ಬರಲೇಬೇಕು. ಇದು ಪ್ರವಾಸಿಗರಿಗೆ ಮಾರೋಕೆ ಮಾಡಿದ ಈಚಿನ ಸಾಮಾನು. ಅದಕ್ಕೆ ಆದಿಲಶಾಹಿ ಹೆಸರು ಹಚ್ಚಿದ್ದು ನನಗೆ ಸಹಿಸಲಾಗಲಿಲ್ಲ. ಹದಿನಾರನೇ ಶತಮಾನದ ವಿಜಾಪುರದ ಕಸುಬು ಎಂಥದ್ದು ಅಂತ ನೋಡಬೇಕಾದರೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಇಲ್ಲಿಯದಿರಬಹುದು ಅನ್ನುವ ಒಂದು ಕಠಾರಿ ಇದೆ, ಚಿತ್ರ ಹುಡುಕಿ ನೋಡಿ. ಹಿಡಿಯ ತುಂಬ ಪ್ರಾಣಿಗಳು ಒಂದನ್ನೊಂದು ಹಿಡಿದುಕೊಂಡಿವೆ, ಮೈತುಂಬ ಕೆಂಪು ಹರಳು. ಅದನ್ನು ಕಂಡ ಕಣ್ಣಿಗೆ ಆ ಸಿಂಹದ ತಲೆ ಆದಿಲಶಾಹಿ ಅಂತ ಎಂದೂ ಅನ್ನಿಸದು.

ದೂರು ಇಲ್ಲವೇ? ಇವೆ. ಪಾರ್ಸಿ ಬರಹವನ್ನು ಅವರು ಅಲ್ಲೇ ಓದಿ ಹೇಳುವುದಿಲ್ಲ. ಫೋಟೊ ತೆಗೆದು ಬಲ್ಲವರೊಬ್ಬರಿಗೆ ಕಳಿಸುತ್ತಾರೆ, ಉತ್ತರ ಬರೋದಕ್ಕೆ ಕಾಯಬೇಕು. ಹಾಳೆಯ ಮೇಲಿನ ಫೋಟೊಗಳು ಕಪ್ಪುಬಿಳುಪು, ಸಣ್ಣವು, ಜೌಹರ್ ಅದರಲ್ಲಿ ಕಾಣುವುದೇ ಇಲ್ಲ. ಅಷ್ಟು ಚೆನ್ನಾಗಿ ನೋಡುವವರು ಒಳ್ಳೇ ಬಣ್ಣದ ಪ್ರಿಂಟ್ ಕೊಟ್ಟರೆ ಇನ್ನೊಂದು ನೂರು ರೂಪಾಯಿ ಖುಷಿಯಿಂದ ಕೊಡಬಹುದು. ಬೆಲೆ ಎಷ್ಟಾಗುತ್ತದೆ ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ, ನನ್ನ ಪ್ರಕಾರ ಅದು ಒಳ್ಳೇದೇ. ನೂರು ವರ್ಷ ದಾಟಿದ ಸಾಮಾನು 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಹೊರದೇಶಕ್ಕೆ ಕಳಿಸುವ ಹಾಗಿಲ್ಲ.

ಸ್ವಚ್ಛ ಮಾಡಿಕೊಡುತ್ತಾರೆ, ಆದರೆ ಹೊಳೆಯುವ ಹಾಗೆ ಅಲ್ಲ. ಕೆಂಪು ಜಂಗನ್ನು ಎಣ್ಣೆ ಹಾಕಿ ನೆನೆಸಿ, ಮೆತ್ತಗೆ ತೆಗೆದು ಬಿಡುತ್ತಾರೆ. ಹಳೇ ಕಂದು ಬಣ್ಣವನ್ನು ಮುಟ್ಟುವುದಿಲ್ಲ, ಅದೇ ವಯಸ್ಸಿನ ಸಾಕ್ಷಿ. ನಮ್ಮ ಮನೆಗಳಲ್ಲಿ ಖಂಡೇನವಮಿ ಹಿಂದಿನ ದಿನ ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತೇವಲ್ಲ, ಅದನ್ನು ದಯವಿಟ್ಟು ನಿಲ್ಲಿಸಿ. ಹುಣಸೆಯ ಹುಳಿ ಉಕ್ಕನ್ನು ತಿನ್ನುತ್ತದೆ, ಇಟ್ಟಿಗೆ ಪುಡಿ ಕೋಫ್ತಗಿರಿಯ ಚಿನ್ನವನ್ನು ಒಯ್ಯುತ್ತದೆ. ನಮ್ಮ ಕತ್ತಿಯ ಹಿಡಿಯ ಅರ್ಧ ಹೂಬಳ್ಳಿ ಹೋದದ್ದೇ ಹಾಗೆ. ಕುಂಕುಮ, ಅರಿಶಿನ, ವಿಭೂತಿ ಹಚ್ಚಿದರೆ ಪೂಜೆ ಮುಗಿದ ಸಂಜೆಯೇ ಒಣ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಮಷಿನ್ ಎಣ್ಣೆ ಹಚ್ಚಿ ಇಡಿ.

ಹೋಗುವ ಮುಂಚೆ ಗೋಲಗುಮ್ಮಟದ ಮುಂದಿನ ನಕ್ಕರಖಾನೆಯ ಮ್ಯೂಸಿಯಮ್ಮಿನಲ್ಲಿ ಆಯುಧಗಳನ್ನು ನೋಡಿಕೊಂಡು ಹೋದರೆ ಒಳ್ಳೇದು. ಚಾಚಾ ಮಾತಾಡುವಾಗ ಯಾವ ಹಿಡಿ, ಯಾವ ಬಾಗು ಅಂತ ಬೇಗ ಗೊತ್ತಾಗುತ್ತದೆ. ಕತ್ತಿಯನ್ನು ಹಾಗೇ ಬಸ್ಸಿನಲ್ಲಿ ಹೊತ್ತು ತರಬೇಡಿ. ಅದು 1959ರ ಆಯುಧ ಕಾಯ್ದೆಯಡಿ ಬರುವ ವಸ್ತು, ಮೊದಲು ನಿಮ್ಮ ಠಾಣೆಯಲ್ಲಿ ಕೇಳಿಕೊಳ್ಳಿ. ದೂರದವರು ಮೊದಲು ಫೋಟೊ ಕಳಿಸಿದರೆ ಸಾಕು: ಪೂರ್ತಿ ಕತ್ತಿ ಒಂದು, ಅಲಗಿನ ಬುಡ ಎರಡೂ ಕಡೆ, ತುದಿ, ಅಲಗಿನ ಬೆನ್ನು ಮೇಲಿನಿಂದ, ಹಿಡಿಯ ತಟ್ಟೆ ಒಳಗೂ ಹೊರಗೂ, ಬರಹ ಇದ್ದರೆ ಹಗಲ ಬೆಳಕಿನಲ್ಲಿ ಓರೆಯಾಗಿ ಹಿಡಿದು. ತರಲೇಬೇಕು ಅಂತ ಚಾಚಾ ಹೇಳಿದರೆ ಒರೆ ಬೇರೆ, ಅಲಗು ಬೇರೆ ಬಟ್ಟೆಯಲ್ಲಿ ಸುತ್ತಿ ತನ್ನಿ, ಹಳೇ ಚರ್ಮದ ಒರೆ ತೇವ ಹಿಡಿದು ಅಲಗಿಗೆ ಜಂಗು ತರುತ್ತದೆ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ, ನಮಾಜು ಮುಗಿಸಿ ಊಟ ಮಾಡಿಕೊಂಡು ಸಂಜೆಗೆ ತೆರೆಯುತ್ತಾರೆ.